‘ನಮ್ಮ ಹೆಸರು ಬರೀಬೇಡ’ ಅಂತ ಅಮೆರಿಕದ ಮಕ್ಕಳಿಗೆ ಹೇಳ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿರೋ ನಮ್ಮ ಮಕ್ಕಳು ಅಲ್ಲಿನ ರಕ್ಷಣಾ ಇಲಾಖೆ ಕೆಲಸ ಹಿಡಿಯೋ ಕಂಪನಿಗಳಿಗೆ ಸೇರೋವಾಗ ಸೆಕ್ಯುರಿಟಿ ಕ್ಲಿಯರೆನ್ಸ್ ಅಂತ ಒಂದು ಆಗ್ಬೇಕಾಗ್ತದೆ, ಅಂದ್ರೆ ಸರ್ಕಾರದ ಗುಪ್ತ ಕಾಗದ ನೋಡ್ಲಿಕ್ಕೆ ಕೊಡೋ ಅನುಮತಿ. ಅದ್ರ ಬಗ್ಗೆ ನಮ್ಮ ಮುಂಬೈ ಕನ್ನಡಿಗರಲ್ಲಿ ಒಂದು ಸಲಹೆ ಬಾಯಿಂದ ಬಾಯಿಗೆ ಓಡಾಡ್ತಾ ಉಂಟು, ಮಾಟುಂಗದಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಕುಡಿಯೋ ಹೊತ್ತಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ, ವಾಟ್ಸಾಪಲ್ಲಂತೂ ಬಿಡಿ. ಏನಂದ್ರೆ, ಅದ್ರ ಫಾರ್ಮಲ್ಲಿ ಊರಲ್ಲಿರೋವ್ರ ಹೆಸರು ಆದಷ್ಟು ಕಮ್ಮಿ ಬರೀಲಿ, ಇಲ್ಲಿ ಯಾರ್ಯಾರಿದ್ದಾರೆ ಅಂತ ಅಲ್ಲಿ ಕೂತವ್ರಿಗೆ ಹೇಗೆ ಗೊತ್ತಾಗ್ತದೆ ಅಂತ. ಹೇಳೋವ್ರು ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ಹುಡುಗನ ಕೆಲಸಕ್ಕೆ ನಮ್ಮಿಂದ ಅಡ್ಡಿ ಆಗ್ಬಾರ್ದು ಅಂತ. ಆದ್ರೆ ಇದ್ರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ, ಅದನ್ನ ಹೇಳ್ಲಿಕ್ಕೇ ಈ ಕಾಗದ. ಸ್ವಲ್ಪ ಉದ್ದ ಆಗ್ತದೆ, ಕತ್ತರಿ ಹಾಕೋದಾದ್ರೆ ಮೊದಲರ್ಧಕ್ಕೆ ಹಾಕ್ಬೇಡಿ.

ನಾನು ಡೊಂಬಿವಲಿಯಲ್ಲಿರೋ ಪಿಂಚಣಿದಾರ, ಮೂಲ ಕುಂದಾಪುರದ ಕಡೆ, ಸರ್ವಿಸ್ ಪೂರ್ತಿ ಮುಂಬೈಯಲ್ಲಿ ಕೇಂದ್ರ ಸರ್ಕಾರದ ಒಂದು ಆಫೀಸಿನ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಲ್ಲಿ ಕಳೆದವ. ಹೊಸದಾಗಿ ಸೇರೋ ಹುಡುಗ್ರ ಅಟೆಸ್ಟೇಶನ್ ಫಾರ್ಮು, ಪೊಲೀಸ್ ವೆರಿಫಿಕೇಶನ್ನು, ಸರ್ವಿಸ್ ಬುಕ್ಕು ಎಲ್ಲ ನನ್ನ ಟೇಬಲ್ ದಾಟಿಯೇ ಹೋಗ್ತಿದ್ದದ್ದು. ಈಗ ನನ್ನ ತಂಗಿ ಮಗ ವರ್ಜೀನಿಯಾದಲ್ಲಿ ಅಂಥದ್ದೇ ಒಂದು ಕಂಪನಿಗೆ ಸೇರಿ ಆ ಫಾರ್ಮ್ ತುಂಬಿಸೋವಾಗ ಭಾನುವಾರ ಭಾನುವಾರ ವಿಡಿಯೋ ಕಾಲಲ್ಲಿ ಒಂದೊಂದು ಕಾಲಂ ಓದಿ ಹೇಳ್ತಿದ್ದ, ನಾವು ಇಲ್ಲಿಂದ ಉತ್ತರ ಕೊಡ್ತಿದ್ವಿ. ಅವನ ಹೆಂಡತಿ ಅಲ್ಲೇ ಹುಟ್ಟಿದವಳು, ಹಾಗಾಗಿ ಇವನಿಗೆ ಸಿಟಿಜನ್‌ಶಿಪ್ ಬೇಗ ಸಿಕ್ತು, ಇಲ್ಲದಿದ್ರೆ ನಮ್ಮವ್ರು ಗ್ರೀನ್ ಕಾರ್ಡ್ ಕ್ಯೂನಲ್ಲೇ ಕೂದಲು ಬೆಳ್ಳಗೆ ಮಾಡ್ಕೊಳ್ಳೋದು ನಿಮ್ಗೂ ಗೊತ್ತುಂಟು.

ಮೊದ್ಲು ಇದೇನು ಅಂತ ಚುಟುಕಾಗಿ. ಕಾನ್ಫಿಡೆನ್ಶಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಅಂತ ಮೂರು ಮಟ್ಟ, ಯಾವ ಮಟ್ಟದ ಗುಪ್ತ ಕಾಗದ ನೋಡಬಹುದು ಅನ್ನೋದ್ರ ಮೇಲೆ. ಸಾಮಾನ್ಯವಾಗಿ ಸಿಟಿಜನ್ ಆಗಿದ್ರೇನೇ ಕೊಡೋದು, ಗ್ರೀನ್ ಕಾರ್ಡ್ ಸಾಕಾಗಲ್ಲ. ನಾವೇ ಹೋಗಿ ಅರ್ಜಿ ಹಾಕ್ಲಿಕ್ಕೂ ಆಗಲ್ಲ, ಕೆಲಸ ಕೊಡೋವ್ರು ಕಳಿಸ್ಬೇಕು. ಫಾರ್ಮಿನ ಹೆಸರು ಎಸ್‌ಎಫ್-86, ನೂರಕ್ಕೂ ಹೆಚ್ಚು ಪುಟ, ಈಗ ಆನ್‌ಲೈನಲ್ಲೇ ತುಂಬಿಸೋದು. ಅದನ್ನ ಇಟ್ಕೊಂಡು ತನಿಖೆ ಮಾಡೋವ್ರು ಬೇರೆ, 2019ರಿಂದ ಹೆಚ್ಚಿನ ತನಿಖೆ ರಕ್ಷಣಾ ಇಲಾಖೆ ಕೆಳಗಿನ ಡಿಸಿಎಸ್‌ಎ ಅನ್ನೋ ಸಂಸ್ಥೆ ಕೈಲಿ ಉಂಟು. ಕೊಡಬಹುದಾ ಬೇಡ್ವಾ ಅಂತ ತೂಗೋದು 13 ಮಾನದಂಡದ ಮೇಲೆ, ಈಗಿರೋದು 2017ರ ಜೂನ್ 8ರಿಂದ ಜಾರಿಯಲ್ಲಿರೋದು. ಸಾಲ, ಕುಡಿತ, ಡ್ರಗ್ಸ್, ಕ್ರಿಮಿನಲ್ ಕೇಸ್ ಎಲ್ಲ ಅದ್ರಲ್ಲುಂಟು, ನಮ್ಮವ್ರಿಗೆ ತಾಗೋದು ಮುಖ್ಯವಾಗಿ ಎರಡು. ಗೈಡ್‌ಲೈನ್ ಬಿ, ಅಂದ್ರೆ ವಿದೇಶಿ ಪ್ರಭಾವ. ಗೈಡ್‌ಲೈನ್ ಇ, ಅಂದ್ರೆ ಸ್ವಂತ ನಡತೆ, ಸುಳ್ಳು ಹೇಳೋದು ಮುಚ್ಚಿಡೋದು ಎಲ್ಲ ಇದ್ರೊಳಗೆ ಬರೋದು. ನಮ್ಮವ್ರೆಲ್ಲ ಬಿಗೆ ಹೆದರಿ ಹೋಗಿ ಇಯಲ್ಲಿ ಸಿಕ್ಕಿಬೀಳ್ತಾರೆ, ಇದೇ ಇಡೀ ಕತೆ.

ಫಾರ್ಮಿನ 18ನೇ ಸೆಕ್ಷನ್ ಸಂಬಂಧಿಕರದ್ದು. ಅಪ್ಪ, ಅಮ್ಮ, ಮಕ್ಕಳು, ಅಣ್ಣ ತಮ್ಮ ಅಕ್ಕ ತಂಗಿ, ಮಲತಾಯಿ ಮಲತಂದೆ, ಸಾಕಿದವ್ರು, ಗಾರ್ಡಿಯನ್, ಅತ್ತೆ ಮಾವ. ತೀರಿಕೊಂಡವ್ರನ್ನೂ ಬರೀಬೇಕು. ಹೊರದೇಶದಲ್ಲಿರೋ ಹೊರದೇಶದ ಪ್ರಜೆ ಆದ್ರೆ ವಿಳಾಸ, ಎಲ್ಲಿ ಕೆಲಸ, ಎಷ್ಟು ಸಲ ಮಾತಾಡ್ತೀರಿ, ಫೋನಾ ಮುಖತಃ ಭೇಟಿಯಾ, ಆ ವ್ಯಕ್ತಿಗೆ ಅಲ್ಲಿನ ಸರ್ಕಾರ, ಸೈನ್ಯ, ರಕ್ಷಣಾ ಉದ್ಯಮ, ಗುಪ್ತಚರ ಇಲಾಖೆ ಜೊತೆ ಏನಾದ್ರೂ ನಂಟುಂಟಾ ಅಂತೆಲ್ಲ ಕೇಳ್ತಾರೆ. ಕೊನೇ ಸಂಪರ್ಕ ಯಾವಾಗ, ಮೊದಲ ಸಂಪರ್ಕ ಯಾವಾಗ ಅಂತಾನೂ ಉಂಟು. ಅಳಿಯ ಅಮ್ಮನ ಕಾಲಂಗೆ ಬಂದು ಇದನ್ನ ಓದಿದಾಗ ನಮ್ಮನೇಲಿ ನಗೋದೇ ಆಯ್ತು, ತಂಗಿ ಮಾತ್ರ ಗಂಭೀರವಾಗಿ ಹೇಳಿದ್ಲು, “ಬರಿ, ಸಾಯನ್ ಆಸ್ಪತ್ರೆ, ಬೆಳಗಿನ ಜಾವ, ಹೊರಗೆ ಜೋರು ಮಳೆ.”

ಈಗ ಪಟ್ಟಿ ಮತ್ತೊಮ್ಮೆ ಓದಿ ನೋಡಿ. ಸೋದರಮಾವ ಇಲ್ಲ. ಚಿಕ್ಕಮ್ಮ ದೊಡ್ಡಮ್ಮ ಇಲ್ಲ, ಕಸಿನ್ಸ್ ಇಲ್ಲ, ಅಜ್ಜಿ ಇಲ್ಲ. ನಮ್ಮ ಕರಾವಳಿ ಕಡೆ ಅಳಿಯಕಟ್ಟಿನ ಮನೆಗಳಲ್ಲಿ ಅಪ್ಪನಿಗಿಂತ ಮಾವನ ಮಾತೇ ಜಾಸ್ತಿ ನಡೆದದ್ದುಂಟು, ಆಸ್ತಿ ಹೋಗ್ತಿದ್ದದ್ದೇ ಮಾವನಿಂದ ಅಳಿಯನಿಗೆ. ಕಾನೂನು ಬದಲಾಗಿ ಎಷ್ಟೋ ಕಾಲ ಆಯ್ತು ನಿಜ, ಆದ್ರೆ ಮನೆ ನಡೆಯೋ ರೀತಿ ಕಾನೂನಿನಷ್ಟು ಬೇಗ ಬದಲಾಗಲ್ಲ. ನಮ್ಮ ಹುಡುಗನ ಅಪ್ಪ ಬೇಗ ತೀರಿಹೋದ್ರು, ಇಂಜಿನಿಯರಿಂಗ್ ಫೀಸು, ಅಮೆರಿಕಕ್ಕೆ ಹೋಗೋವಾಗಿನ ಎಜುಕೇಶನ್ ಲೋನಿಗೆ ಜಾಮೀನು, ಎಲ್ಲ ನಂದೇ. ವಾರಕ್ಕೊಮ್ಮೆ ಫೋನ್ ಮಾಡದಿದ್ರೆ ನಾನೇ ಬೈತೇನೆ. ಆ ಪಟ್ಟಿ ಪ್ರಕಾರ ನಾನು ಅವನಿಗೆ ಯಾರೂ ಅಲ್ಲ.

ಇದನ್ನ ನೋಡಿಯೇ ನಮ್ಮವ್ರೊಬ್ರು ಅವನಿಗೆ ಹೇಳಿದ್ದು, “ಮಾವನ ಕಾಲಮ್ಮೇ ಇಲ್ವಲ್ಲ, ಬಿಟ್ಬಿಡು, ಅವ್ರು ಬೇರೆ ಇಂಡಿಯಾ ಗವರ್ಮೆಂಟಲ್ಲಿದ್ದವ್ರು, ಸುಮ್ನೆ ತಲೆನೋವು.” ಅವನು ನನ್ನ ಕೇಳ್ದ. ನಾನು ಮುಂದಿನ ಸೆಕ್ಷನ್ ಓದು ಅಂದೆ. 19ನೇದ್ರಲ್ಲಿ ಸ್ಪಷ್ಟವಾಗಿ ಉಂಟು, ಕಳೆದ ಏಳು ವರ್ಷದಲ್ಲಿ ನಿಮ್ಗೋ ನಿಮ್ಮ ಹೆಂಡತಿಗೋ ಹತ್ತಿರದ ಅಥವಾ ನಿರಂತರ ಸಂಪರ್ಕ ಇರೋ ವಿದೇಶಿ ಪ್ರಜೆ ಯಾರಾದ್ರೂ ಉಂಟಾ, ಪ್ರೀತಿ, ಪ್ರಭಾವ, ಸಮಾನ ಹಿತಾಸಕ್ತಿ ಅಥವಾ ಋಣದಿಂದ ಕಟ್ಟಿಕೊಂಡವ್ರು, 18ರಲ್ಲಿ ಬರೀದೇ ಉಳಿದ ಸಂಬಂಧಿಕರೂ ಸೇರಿ. ಇದ್ರಲ್ಲಿ ಬಿಡ್ಲಿಕ್ಕೆ ಏನುಂಟು ಹೇಳಿ, ಪ್ರೀತಿ, ಪ್ರಭಾವ, ಋಣ, ನಾಲ್ಕರಲ್ಲಿ ಮೂರು ನನ್ನ ಮೇಲೆಯೇ ಬರ್ದ ಹಾಗುಂಟು. ನನ್ನ ಹೆಸರು, ನಾನು ಯಾವ ಇಲಾಖೆಯಲ್ಲಿದ್ದೆ, ಯಾವ ಹುದ್ದೆಯಿಂದ ರಿಟೈರ್ ಆದೆ, ಪಿಂಚಣಿ ಬರ್ತದೆ, ಎಲ್ಲ ಹಾಕು ಅಂದೆ. ಹಾಕಿದ. ಅವನ ಫೈಲ್ ಕೊನೆಗೆ ಏನಾಯ್ತು ಅಂತ ಇಲ್ಲಿ ಬರೆಯಲ್ಲ, ಅದು ಅವನ ವಿಷಯ.

ಗೈಡ್‌ಲೈನ್ ಬಿಗೆ ಯಾಕೆ ಅಷ್ಟು ಹೆದರಬೇಕಾಗಿಲ್ಲ ಅಂದ್ರೆ, ಊರಲ್ಲಿ ಅಪ್ಪ ಅಮ್ಮ ಇರೋದೇ ಒಂದು ತಪ್ಪು ಅಂತ ಅಲ್ಲಿ ಯಾರೂ ಹೇಳೋದಿಲ್ಲ. ಅವ್ರ ಲೆಕ್ಕಾಚಾರ ಬೇರೆ. ನಾಳೆ ಯಾರೋ ಒಬ್ಬ ಬಂದು ‘ನಿನ್ನ ತಾಯಿ ಡೊಂಬಿವಲಿಯಲ್ಲಿ ಒಬ್ರೇ ಇದ್ದಾರಲ್ಲ’ ಅಂತ ಇವನಿಗೆ ಹೇಳಿದ್ರೆ ಇವನು ಯಾವ ಕಡೆ ವಾಲ್ತಾನೆ, ಅಷ್ಟೇ ಪ್ರಶ್ನೆ. ಅದಕ್ಕೆ ದೇಶ ಯಾವ್ದು ನೋಡ್ತಾರೆ, ಆ ಸಂಬಂಧಿಕರು ಏನು ಮಾಡ್ಕೊಂಡಿದ್ದಾರೆ ನೋಡ್ತಾರೆ, ಇವನು ಅಮೆರಿಕದಲ್ಲಿ ಎಷ್ಟು ಬೇರು ಬಿಟ್ಟಿದ್ದಾನೆ, ಮನೆ, ಹೆಂಡತಿ ಮಕ್ಕಳು, ಉಳಿತಾಯ ಎಲ್ಲಿ ಅಂತ ನೋಡ್ತಾರೆ. ಆ ಬೇರು ಗಟ್ಟಿ ಇದ್ದು, ಇಲ್ಲಿರೋವ್ರು ಸಾಧಾರಣ ಜನ ಆದ್ರೆ ಅದನ್ನ ಅನುಕೂಲದ ಅಂಶ ಅಂತ ಮಾನದಂಡದಲ್ಲೇ ಬರ್ದಿದ್ದಾರೆ. ಒಂದೇ ಅಂಶ ಹಿಡ್ಕೊಂಡು ತೀರ್ಮಾನ ಮಾಡ್ಬಾರ್ದು, ಇಡೀ ಮನುಷ್ಯನನ್ನ ನೋಡ್ಬೇಕು ಅಂತಾನೂ ಉಂಟು. ಕಂಟ್ರಾಕ್ಟರ್ ಕಂಪನಿಗಳ ನೌಕರರ ತಕರಾರು ವಿಚಾರಣೆ ಮಾಡೋ ಡೋಹಾ ಅನ್ನೋ ಕಚೇರಿ ಒಂದುಂಟು, ಗಲ್ಫಿನ ದೋಹಾ ಅಲ್ಲ, ಅಮೆರಿಕದ ರಕ್ಷಣಾ ಇಲಾಖೆದು. ಅದ್ರ ತೀರ್ಪುಗಳನ್ನ ಹೆಸರು ತೆಗೆದು ಎಲ್ರಿಗೂ ಸಿಗೋ ಹಾಗೆ ಹಾಕ್ತಾರೆ. ಭಾರತದಲ್ಲಿ ಅಪ್ಪ ಅಮ್ಮ, ಅತ್ತೆ ಮಾವ ಇರೋವ್ರ ಕೇಸುಗಳೂ ಅದ್ರಲ್ಲುಂಟು. ಭಾರತ ಪ್ರಜಾಪ್ರಭುತ್ವ, ಅಮೆರಿಕದ ಜೊತೆ ಸಂಬಂಧ ಚೆನ್ನಾಗುಂಟು ಅಂತ ಒಂದು ಕಡೆ, ಭಯೋತ್ಪಾದನೆ ಅಪಾಯ, ತಂತ್ರಜ್ಞಾನದ ಗುಟ್ಟು ಕದಿಯೋ ಪ್ರಯತ್ನ ಅಂತ ಇನ್ನೊಂದು ಕಡೆ, ಎರಡನ್ನೂ ಇಟ್ಟು ತೂಗ್ತಾರೆ. 2008ರ ನವೆಂಬರಲ್ಲಿ ಸಿಎಸ್‌ಟಿಯಲ್ಲಿ ಆದದ್ದನ್ನ ನೋಡಿದ ನಮ್ಗೆ ಆ ಎರಡನೇ ಮಾತು ಓದಿ ಸಿಟ್ಟು ಬರ್ಬೇಕಾಗಿಲ್ಲ.

ಗೈಡ್‌ಲೈನ್ ಇ ಹಾಗಲ್ಲ. ಬೇಕಂತಲೇ ಬಿಟ್ಟದ್ದು, ಮುಚ್ಚಿಟ್ಟದ್ದು, ಸುಳ್ಳು ಬರ್ದದ್ದು ಅಂತ ಅವ್ರಿಗೆ ಅನ್ನಿಸಿದ್ರೆ ಆ ವಿಷಯ ಎಷ್ಟು ಸಣ್ಣದು ಅನ್ನೋದು ಆಮೇಲಿನ ಮಾತು, ಮೊದಲ ಪ್ರಶ್ನೆ ಇವನನ್ನ ನಂಬಬಹುದಾ ಅನ್ನೋದು. ಅದಕ್ಕೊಂದು ಕಾರಣಾನೂ ಉಂಟು, ಮುಚ್ಚಿಟ್ಟ ವಿಷಯವೇ ಹೆದರಿಸ್ಲಿಕ್ಕೆ ಬಳಕೆಗೆ ಬರ್ತದೆ. ನನ್ನ ಹೆಸರು ಫೈಲಲ್ಲಿ ಇದ್ರೆ ಯಾರು ಬಂದು ಏನು ಹೆದರಿಸ್ತಾರೆ, ಇಲ್ಲದಿದ್ರೆ ‘ನಿನ್ನ ಮಾವ ಭಾರತ ಸರ್ಕಾರದ ಪಿಂಚಣಿದಾರ ಅಂತ ನಿನ್ನ ಆಫೀಸಿಗೆ ಹೇಳ್ಲಾ’ ಅಂತ ಯಾವ ಪುಂಡನೂ ಕೇಳಬಹುದು. ಅದಲ್ಲದೆ ಆ ಫಾರ್ಮಿಗೆ ಸಹಿ ಹಾಕಿ ಗೊತ್ತಿದ್ದೂ ಸುಳ್ಳು ಬರೆಯೋದು ಅಲ್ಲಿನ ಕಾನೂನಲ್ಲಿ ಅಪರಾಧ, ದಂಡ, ಜೊತೆಗೆ 5 ವರ್ಷದ ತನಕ ಜೈಲು. ಎಲ್ರನ್ನೂ ಜೈಲಿಗೆ ಹಾಕ್ತಾರೆ ಅಂತ ಹೆದರಿಸ್ತಾ ಇಲ್ಲ, ಸಾಮಾನ್ಯವಾಗಿ ಆಗೋದು ಕ್ಲಿಯರೆನ್ಸ್ ಹೋಗೋದು, ಕ್ಲಿಯರೆನ್ಸ್ ಹೋದ್ರೆ ಆ ಕೆಲಸಾನೂ ಹೋಗೋದು.

ತಿದ್ದಿಕೊಳ್ಳೋ ದಾರಿ ಉಂಟು, ಅದನ್ನೂ ಹೇಳ್ಬೇಕು. ಅವ್ರು ಕಂಡುಹಿಡಿದು ಮುಖಕ್ಕೆ ಹಿಡಿಯೋ ಮೊದ್ಲು, ತಡ ಮಾಡ್ದೆ, ತಾನಾಗೇ ಹೋಗಿ ‘ಇದು ಬಿಟ್ಟುಹೋಗಿತ್ತು’ ಅಂತ ಹೇಳಿದ್ರೆ ಅದು ಅನುಕೂಲದ ಅಂಶ. ತನಿಖಾಧಿಕಾರಿ ಎದುರು ಕೂತು ಫಾರ್ಮಿನ ಬಗ್ಗೆ ಮಾತಾಡೋ ಇಂಟರ್ವ್ಯೂ ಒಂದು ಇರ್ತದೆ, ಅಲ್ಲಿ ಅವ್ರು ಕೇಳೋ ಮೊದ್ಲೇ ಹೇಳಿದವ್ನಿಗೂ ಕೇಳಿ ಕೇಳಿ ಹೊರಗೆ ತೆಗೆಸಿಕೊಂಡವ್ನಿಗೂ ಆಕಾಶ ಭೂಮಿ ವ್ಯತ್ಯಾಸ. ಇನ್ನೊಂದು ಅಂಶ ನನಗೆ ಬಹಳ ಇಷ್ಟ ಆಯ್ತು. ವಕೀಲರೋ, ಇಂಥ ವಿಷಯದಲ್ಲಿ ಸಲಹೆ ಕೊಡೋದೇ ಕೆಲಸ ಆಗಿರೋ ಅಧಿಕಾರಿಯೋ ತಪ್ಪು ಸಲಹೆ ಕೊಟ್ಟು ಹಾಗೆ ಬಿಟ್ಟುಹೋಗಿದ್ರೆ ಅದನ್ನ ಪರಿಗಣಿಸ್ತಾರೆ. ಮಾಟುಂಗದ ಮದುವೆಯಲ್ಲಿ ಪಕ್ಕದ ಎಲೆಯವ್ರು ಹೇಳಿದ್ರು ಅಂದ್ರೆ ಪರಿಗಣಿಸಲ್ಲ.

ಬರೀ ಮನುಷ್ಯರ ವಿಷಯ ಅಲ್ಲ, ನಮ್ಮ ಮುಂಬೈಯವ್ರು ಜಾಸ್ತಿ ಎಡವೋದು ಫ್ಲ್ಯಾಟಲ್ಲಿ. ಪರಿಚಯದವ್ರೊಬ್ರ ಮಗನದ್ದು ಹೀಗೇ ಆದದ್ದು. ಮುಲುಂಡಲ್ಲಿ ಅಪ್ಪ ಫ್ಲ್ಯಾಟ್ ತಗೊಳ್ಳೋವಾಗ ಮುಂದೆ ತೊಂದ್ರೆ ಆಗ್ಬಾರ್ದು ಅಂತ ಸೊಸೈಟಿ ಶೇರ್ ಸರ್ಟಿಫಿಕೇಟಲ್ಲಿ, ಅಂದ್ರೆ ಫ್ಲ್ಯಾಟಿನ ಸದಸ್ಯರು ಯಾರು ಅಂತ ಹೌಸಿಂಗ್ ಸೊಸೈಟಿ ಕೊಡೋ ಕಾಗದದಲ್ಲಿ, ಮಗನ ಹೆಸರೂ ಹಾಕಿಸಿದ್ರು, ಎರಡನೇ ಹೆಸರು, ನಮ್ಮಲ್ಲಿ ಮನೆ ಮನೆಯಲ್ಲೂ ಮಾಡೋದೇ. ಜೊತೆಗೆ ಬ್ಯಾಂಕಲ್ಲಿ ಜಾಯಿಂಟ್ ಖಾತೆ, ಮೈಂಟೆನೆನ್ಸ್ ಕಟ್ಲಿಕ್ಕೆ ಮಗ ದುಡ್ಡು ಕಳಿಸೋದು. ಫಾರ್ಮಿನ 20ನೇ ಸೆಕ್ಷನ್ ವಿದೇಶದಲ್ಲಿ ಸ್ಥಿರಾಸ್ತಿ ಉಂಟಾ, ಮುಂದೆ ಬರೋ ನಿರೀಕ್ಷೆ ಉಂಟಾ, ಬ್ಯಾಂಕ್ ಖಾತೆ ಉಂಟಾ, ಯಾವ್ದಾದ್ರೂ ವಿದೇಶಿ ಪ್ರಜೆಗೆ ಯಾವತ್ತಾದ್ರೂ ಹಣದ ಸಹಾಯ ಮಾಡಿದ್ದೀರಾ ಅಂತೆಲ್ಲ ಕೇಳ್ತದೆ. ಹುಡುಗ ಎಲ್ಲದಕ್ಕೂ ‘ಇಲ್ಲ’ ಒತ್ತಿದ, ಅವನ ಲೆಕ್ಕದಲ್ಲಿ ಅದು ಅಪ್ಪನ ಮನೆ, ಅಮ್ಮನಿಗೆ ಕಳಿಸೋದು ಸಹಾಯ ಅಲ್ಲ, ಕರ್ತವ್ಯ. ಆದ್ರೆ ಅಲ್ಲಿನ ನಿಯಮದಂತೆ ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದ್ರೆ ಪ್ರತಿ ವರ್ಷ ಎಫ್‌ಬಾರ್ ಅಂತ ಒಂದು ವರದಿ ಕೊಡ್ಬೇಕು, ಅದನ್ನ ಅವನ ಆಡಿಟರ್ ಸರಿಯಾಗಿ ಕೊಡ್ತಾನೇ ಬಂದಿದ್ದ. ಒಂದು ಸರ್ಕಾರಿ ಕಾಗದದಲ್ಲಿ ಖಾತೆ ಉಂಟು ಅಂತ ವರ್ಷ ವರ್ಷ ಸಹಿ, ಇನ್ನೊಂದು ಸರ್ಕಾರಿ ಕಾಗದದಲ್ಲಿ ಇಲ್ಲ ಅಂತ ಸಹಿ. ಫ್ಲ್ಯಾಟಿನಿಂದ ಅವನಿಗೆ ಏನೂ ಆಗ್ತಿರಲಿಲ್ಲ ಮಾರಾಯ್ರೆ, ಅವನ ಅಲ್ಲಿನ ಮನೆ, ಸಂಬಳದ ಎದುರು ಮುಲುಂಡಿನ ಅರ್ಧ ಫ್ಲ್ಯಾಟ್ ಯಾವ ಲೆಕ್ಕ, ಆಸ್ತಿ ಬೆಲೆ ಅವನನ್ನ ಬಗ್ಗಿಸೋವಷ್ಟು ದೊಡ್ಡದಾ ಅಂತಾನೇ ಅವ್ರು ನೋಡೋದು. ಎರಡು ಸಹಿಯಿಂದಾಗಿ ತಿಂಗಳುಗಟ್ಲೆ ಉತ್ತರ ಕೊಡ್ತಾ ಕೂರೋ ಹಾಗಾಯ್ತು.

ಆಕ್ಷೇಪ ಇದ್ದಾಗ ಅವ್ರು ಸ್ಟೇಟ್‌ಮೆಂಟ್ ಆಫ್ ರೀಸನ್ಸ್ ಅಂತ ಲಿಖಿತವಾಗಿ ಕಳಿಸ್ತಾರೆ, ಯಾವ ಗೈಡ್‌ಲೈನ್, ಯಾವ ಸಂಗತಿ ಅಂತ ಒಂದೊಂದೇ ಪ್ಯಾರಾ. ಕಂಟ್ರಾಕ್ಟರ್ ನೌಕರರಾದ್ರೆ ಉತ್ತರಕ್ಕೆ 20 ದಿನ, ಬೇಕಾದ್ರೆ ನ್ಯಾಯಾಧೀಶರ ಎದುರು ವಿಚಾರಣೆ ಕೇಳಬಹುದು. ಅಲ್ಲಿ ಸಾಬೀತು ಮಾಡೋ ಹೊಣೆ ಹೆಚ್ಚುಕಮ್ಮಿ ಹುಡುಗನ ಮೇಲೇ ಬೀಳ್ತದೆ. ಅಲ್ಲಿನ ಸುಪ್ರೀಂ ಕೋರ್ಟ್ 1988ರಲ್ಲಿ ಈಗನ್ ಅನ್ನೋ ಕೇಸಲ್ಲಿ ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಹೇಳಿಬಿಟ್ಟಿದೆ, ಸಂಶಯ ಬಂದ್ರೆ ದೇಶದ ಪರವಾಗಿ ತೀರ್ಮಾನ, ಮನುಷ್ಯನ ಪರವಾಗಿ ಅಲ್ಲ. ಹಾಗಾಗಿ ಎಲ್ಲ ಸತ್ಯ ಬರ್ದೂ ಕೆಲವ್ರಿಗೆ ಸಿಗೋದಿಲ್ಲ, ಇದನ್ನ ಮುಚ್ಚಿಟ್ಟು ನಾನು ಮಾತಾಡಲ್ಲ. ಅಣ್ಣನೋ ಅಪ್ಪನೋ ಇಲ್ಲಿನ ಸೈನ್ಯದಲ್ಲೋ ರಕ್ಷಣಾ ಲ್ಯಾಬಲ್ಲೋ ದೊಡ್ಡ ಹುದ್ದೇಲಿದ್ರೆ ಕಷ್ಟ ಜಾಸ್ತಿ. ಮುಂಬೈಯಲ್ಲಿ ಮಜಗಾಂವ್ ಡಾಕು, ನೇವಲ್ ಡಾಕ್‌ಯಾರ್ಡು, ಅಣುಶಕ್ತಿನಗರ, ಅತ್ಲಾಗೆ ಪುಣೆಯಲ್ಲಿ ಖಡ್ಕಿ, ದಿಘಿ, ಪಾಷಾಣ್, ಗೋವಾದಲ್ಲಿ ವಾಸ್ಕೋ ಶಿಪ್‌ಯಾರ್ಡು, ಎಲ್ಲ ಕಡೆ ನಮ್ಮ ಕನ್ನಡದವ್ರು ಇದ್ದಾರೆ. ಅಂಥ ಮನೆ ಮಕ್ಕಳು ಇದು ಆಗದೇ ಇರಬಹುದು ಅಂತ ಮೊದ್ಲೇ ಮನಸ್ಸಲ್ಲಿ ಇಟ್ಕೊಂಡು ಹೋಗೋದು ಒಳ್ಳೇದು, ಸಂಬಂಧದಿಂದ ಸಿಗದೇ ಹೋದ್ರೆ ಹುಡುಗನ ಹೆಸರು ಹಾಳಾಗಲ್ಲ, ಬೇರೆ ಕೆಲಸಕ್ಕೆ ಹೋಗ್ತಾನೆ. ಸುಳ್ಳು ಬರ್ದ ಅಂತ ಹೋದ್ರೆ ಆ ಷರಾ ಮುಂದಿನ ಅರ್ಜಿಗೂ ಬೆನ್ನು ಬೀಳ್ತದೆ.

ಇದು ಅಮೆರಿಕದವ್ರ ಸೊಕ್ಕು, ನಮ್ಮವ್ರನ್ನ ಕಂಡ್ರೆ ಅನುಮಾನ ಅಂತ ಹೇಳೋವ್ರುಂಟು. ನಂಗೆ ಹಾಗನ್ನಿಸಲ್ಲ, ಯಾಕಂದ್ರೆ ನಮ್ಮದೇ ಅಟೆಸ್ಟೇಶನ್ ಫಾರ್ಮು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೆ. ಅದ್ರ ತಲೆಯ ಮೇಲೇ ಎಚ್ಚರಿಕೆ, ಸುಳ್ಳು ಮಾಹಿತಿ ಕೊಟ್ರೆ ಅಥವಾ ವಾಸ್ತವ ಮುಚ್ಚಿಟ್ರೆ ಅದೇ ಅನರ್ಹತೆ ಅಂತ. 21 ವರ್ಷ ಆದ ಮೇಲೆ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಎಲ್ಲೆಲ್ಲಿದ್ರಿ ಅಂತ ಕಾಲಂ, ಅದ್ರಲ್ಲಿ ‘ಪಾಕಿಸ್ತಾನ ಸೇರಿ’ ಅಂತ ಅಚ್ಚೇ ಹಾಕಿರ್ತಾರೆ. ಮಕ್ಕಳು ಹೊರದೇಶದಲ್ಲಿ ಓದ್ತಿದ್ರೆ, ವಾಸ ಇದ್ರೆ ಅದಕ್ಕೂ ಕಾಲಂ. 1964ರ ಕೇಂದ್ರ ನಡತೆ ನಿಯಮದ 21ನೇ ನಿಯಮದಲ್ಲಿ ಭಾರತೀಯರಲ್ಲದವ್ರನ್ನ ಮದುವೆಯಾದ್ರೆ ಕೂಡ್ಲೇ ಸರ್ಕಾರಕ್ಕೆ ತಿಳಿಸ್ಬೇಕು ಅಂತ ಉಂಟು. ನಮ್ಮ ಸುಪ್ರೀಂ ಕೋರ್ಟ್ 2016ರ ಜುಲೈಯಲ್ಲಿ ಅವತಾರ್ ಸಿಂಗ್ ಕೇಸಲ್ಲಿ ಮೂರು ನ್ಯಾಯಮೂರ್ತಿಗಳ ಪೀಠದಿಂದ ಹೀಗೆ ಮುಚ್ಚಿಡೋದ್ರ ಬಗ್ಗೆ ವಿವರವಾಗಿ ಹೇಳಿದೆ, ಅದು ಕೇಸು ದಾಖಲಾದದ್ದನ್ನ ಮುಚ್ಚಿಟ್ಟ ಬಗ್ಗೆ ಆದ್ರೂ ತರ್ಕ ಅದೇ. ಹುಡುಗಾಟದಲ್ಲಿ ಘೋಷಣೆ ಕೂಗಿದಂಥ ಚಿಲ್ಲರೆ ವಿಷಯ ಬಿಟ್ಟಿದ್ರೆ ಕ್ಷಮಿಸಬಹುದು, ಗಂಭೀರದ್ದು ಬಿಟ್ಟಿದ್ರೆ ಕೆಲಸದಿಂದ ತೆಗೀಬಹುದು, ಸತ್ಯ ಬರ್ದಿದ್ರೂ ತಗೊಳ್ಳೇಬೇಕು ಅಂತ ಸರ್ಕಾರವನ್ನ ಬಲವಂತ ಮಾಡ್ಲಿಕ್ಕಾಗಲ್ಲ. ವರ್ಜೀನಿಯಾದ ಫಾರ್ಮಲ್ಲಿ ಇದಕ್ಕಿಂತ ಹೊಸದೇನುಂಟು? ಪುಟ ಜಾಸ್ತಿ, ಅಷ್ಟೇ. ಪುಣೆಯ ರಕ್ಷಣಾ ಲ್ಯಾಬಿನ ಹಿರಿಯ ವಿಜ್ಞಾನಿಯೊಬ್ರನ್ನ 2023ರ ಮೇಯಲ್ಲಿ ಗೂಢಚಾರಿಕೆ ಆರೋಪದಲ್ಲಿ ಮಹಾರಾಷ್ಟ್ರದ ಭಯೋತ್ಪಾದನೆ ನಿಗ್ರಹ ದಳ ಎಟಿಎಸ್ ಹಿಡಿದಾಗ, ಆರೋಪ ಕೋರ್ಟಲ್ಲಿ ಏನಾಗ್ತದೋ ಆಗ್ಲಿ, ‘ಇಂಥವ್ರ ಸಂಪರ್ಕ ಯಾರ ಜೊತೆ ಅಂತ ಮೊದ್ಲೇ ನೋಡ್ಬಾರ್ದಿತ್ತಾ’ ಅಂತ ಕೇಳಿದವ್ರು ನಾವೇ ಅಲ್ವಾ.

ದೇಶ ಬದಲಾದ್ರೆ ತೂಕ ಬದಲಾಗ್ತದೆ ಅಂದ್ನಲ್ಲ, ಕರಾವಳಿಯಿಂದ ಬಂದು ಮುಂಬೈಯಲ್ಲಿ ನೆಲೆಸಿದ ಕೆಲವು ಮುಸ್ಲಿಂ ಮನೆಗಳಿಗೆ ಕರಾಚಿಯಲ್ಲಿ ಹಳೇ ಮದುವೆ ಸಂಬಂಧ ಉಂಟು, ಅಜ್ಜಿಯ ತಂಗಿಯೋ ಯಾರೋ. ಈದ್‌ಗೆ ಒಂದು ಫೋನ್ ಬಿಟ್ರೆ ಬೇರೇನಿಲ್ಲ. ಅಂಥ ಮನೆ ಮಕ್ಕಳು ಇನ್ನೂ ಹೆದರ್ತಾರೆ, ಇನ್ನೂ ಮುಚ್ಚಿಡ್ತಾರೆ, ಅವ್ರಿಗೇ ಇದು ಇನ್ನೂ ಮುಖ್ಯ. ಅಪರೂಪಕ್ಕೆ, ಸುಮ್ನೆ ಹಬ್ಬಕ್ಕೆ ಮಾತಾಡೋ ಸಂಪರ್ಕಕ್ಕೆ ಮಾನದಂಡದಲ್ಲೇ ರಿಯಾಯಿತಿ ಉಂಟು, ಆದ್ರೆ ಅದು ಸಿಗೋದು ಬರ್ದವ್ರಿಗೆ. ಗೋವಾದ ಸ್ನೇಹಿತರ ಕಡೆ ಇನ್ನೊಂದು ಬಗೆ. ಗೋವಾದಲ್ಲಿ 1961ರ ಡಿಸೆಂಬರ್ 19ಕ್ಕಿಂತ ಮೊದ್ಲು ಹುಟ್ಟಿದವ್ರು, ಅವ್ರ ಮಕ್ಕಳು ಮೊಮ್ಮಕ್ಕಳು ಪೋರ್ಚುಗಲ್ ಪೌರತ್ವ ಪಡೀಬಹುದು, ತುಂಬ ಜನ ಪಡೆದು ಯುರೋಪಿಗೆ ಹೋಗಿದ್ದಾರೆ. ಹಾಗೆ ಪಡೆದವ್ರ ಭಾರತೀಯ ಪೌರತ್ವ 1955ರ ಕಾಯ್ದೆಯ 9ನೇ ಕಲಂ ಪ್ರಕಾರ ಹೋಗ್ತದೆ. ಅಲ್ಲಿಂದ ಅಮೆರಿಕಕ್ಕೆ ಹೋಗಿ ಸಿಟಿಜನ್ ಆದವ್ರು ಹಳೇ ಪೋರ್ಚುಗೀಸ್ ಪಾಸ್‌ಪೋರ್ಟನ್ನ ಕಪಾಟಲ್ಲಿಟ್ಟು ಮರೆಯೋದು ಬೇಡ, ಬೇರೆ ಪೌರತ್ವ, ಬೇರೆ ಪಾಸ್‌ಪೋರ್ಟ್ ಎರಡನ್ನೂ ಆ ಫಾರ್ಮ್ ಕೇಳ್ತದೆ. ಹೊರದೇಶದ ಪ್ರಜೆಯಾದ ಭಾರತ ಮೂಲದವ್ರಿಗೆ ಕೊಡೋ ನಮ್ಮ ಓಸಿಐ ಕಾರ್ಡ್ ಭಾರತದ ಕಾನೂನಲ್ಲಿ ಪೌರತ್ವ ಅಲ್ಲ, ಓಟಿಲ್ಲ, ಪಾಸ್‌ಪೋರ್ಟಿಲ್ಲ, ಆದ್ರೂ ಕೇಳಿದ್ರೆ ಉಂಟು ಅಂತಾನೇ ಹೇಳ್ಬೇಕು.

ಕ್ಲಿಯರೆನ್ಸ್ ಸಿಕ್ತು ಅಂತ ಪೇಡೆ ಹಂಚಿದ ಮೇಲೆ ಮುಗೀತು ಅಂದ್ಕೊಳ್ಬೇಡಿ. 2017ರ ಜೂನ್ 12ರಿಂದ ಜಾರಿಯಲ್ಲಿರೋ ಇನ್ನೊಂದು ನಿಯಮದ ಪ್ರಕಾರ ಅವ್ರು ಸ್ವಂತಕ್ಕೆ ಹೊರದೇಶಕ್ಕೆ ಹೊರಡೋ ಮೊದ್ಲು ತಿಳಿಸ್ಬೇಕು. ಅಜ್ಜಿಗೆ ಸೀರಿಯಸ್ ಅಂತ ರಾತ್ರೋರಾತ್ರಿ ಟಿಕೆಟ್ ಮಾಡಿ ಬರೋದಾದ್ರೆ ಹೊರಡೋ ಮೊದ್ಲು ಮೇಲಿನವ್ರಿಗೆ ಬಾಯಲ್ಲಾದ್ರೂ ಹೇಳಿ, ಹಿಂದೆ ಹೋದ ಮೇಲೆ ಐದು ಕೆಲಸದ ದಿನದೊಳಗೆ ಪೂರ್ತಿ ವಿವರ ಕೊಡ್ಬೇಕು. ಹಾಗಾಗಿ ‘ಹೊರಡೋ ಗಡಿಬಿಡೀಲಿ ಆಫೀಸಿಗೆ ಯಾಕೆ ಫೋನು’ ಅಂತ ಅವನನ್ನ ಬೈಬೇಡಿ. ಟಾಪ್ ಸೀಕ್ರೆಟ್ ಮಟ್ಟದವ್ರಿಗೆ ವಿದೇಶಿ ಪ್ರಜೆ ಒಂದೇ ಮನೇಲಿ 30 ದಿನಕ್ಕಿಂತ ಜಾಸ್ತಿ ಜೊತೆಗಿದ್ರೆ ತಿಳಿಸೋ ನಿಯಮ ಉಂಟು. ನಮ್ಮ ಹೆಂಗಸರು ಬಾಣಂತನಕ್ಕೆ ಅಂತ ವಿಸಿಟರ್ ವೀಸಾದಲ್ಲಿ ಹೋಗಿ ಆರು ತಿಂಗಳು ಕೂರ್ತಾರಲ್ಲ, ಮೆಂತೆ ಲಾಡು ಕಟ್ಕೊಂಡು ಹೋದ ಅತ್ತೆಯೂ ಆ ಲೆಕ್ಕದಲ್ಲಿ ವಿದೇಶಿ ಪ್ರಜೆಯೇ.

ಇಲ್ಲಿ ಕೂತು ನಾವು ಮಾಡಬಹುದಾದ್ದು ಬಹಳ ಸಣ್ಣದು, ಕೇಳಿದ್ದಕ್ಕೆ ಸರಿ ಉತ್ತರ ಕೊಡೋದು. ಅದೇ ಕಷ್ಟ ಆಗೋದು. ನಮ್ಮ ತಂಗಿಗೆ ಶಾಲೆ ಸರ್ಟಿಫಿಕೇಟಲ್ಲಿ ಒಂದು ಹುಟ್ಟಿದ ತಾರೀಕು, ಜಾತಕದಲ್ಲಿ ಇನ್ನೊಂದು, ಶಾಲೆಗೆ ಸೇರಿಸೋವಾಗ ಮಾಸ್ತರ್ರು ಅಂದಾಜಲ್ಲಿ ಬರ್ಕೊಂಡದ್ದು. ಹೆಸರು ಊರಿನ ಕಾಗದದಲ್ಲಿ ತಾಯಿ ಮನೆ ಹೆಸರಿನ ಜೊತೆ, ಮುಂಬೈ ರೇಷನ್ ಕಾರ್ಡಲ್ಲಿ ಇಲ್ಲಿನ ಪದ್ಧತಿಯಂತೆ ಗಂಡನ ಹೆಸರು ನಡುವೆ ಹಾಕಿ, ಪಾಸ್‌ಪೋರ್ಟಲ್ಲಿ ಸ್ಪೆಲ್ಲಿಂಗೇ ಬೇರೆ. ಹುಡುಗ ಯಾವ್ದು ಹಾಕ್ಲಿ ಅಂತ ಕೇಳಿದಾಗ ಎಲ್ರೂ ಒಂದೊಂದು ಹೇಳ್ಲಿಕ್ಕೆ ಶುರು ಮಾಡಿದ್ರು. ನಾನು ಪಾಸ್‌ಪೋರ್ಟಿನದ್ದೇ ಹಾಕು, ಉಳಿದದ್ದನ್ನ ಷರಾ ಬರೆಯೋ ಜಾಗದಲ್ಲಿ ಬರಿ ಅಂತ ಹೇಳಿ ಮುಗಿಸಿದೆ. ಗೊತ್ತಿಲ್ಲದ ತಾರೀಕಿಗೆ ‘ಅಂದಾಜು’ ಅಂತ ಗುರುತು ಹಾಕೋ ಚೌಕಾನೂ ಅದ್ರಲ್ಲುಂಟು, ಹಾಗಾಗಿ ನೆನಪಿಲ್ಲದ್ದನ್ನ ನೆನಪಿಲ್ಲ ಅನ್ನಿ, ಕಟ್ಟಿ ಹೇಳ್ಬೇಡಿ. ದುಬೈ, ಕುವೈತಲ್ಲಿರೋ ಮಗಳು ಅಳಿಯನ ವಿಳಾಸ, ಕಂಪನಿ ಹೆಸರು, ವೀಸಾ ಯಾವ್ದು ಅಂತ ಕೇಳಿದ್ರೆ ‘ಅದೆಲ್ಲ ನಿಂಗೆ ಯಾಕೆ’ ಅನ್ಬೇಡಿ, ಅದು ಅವನ ಅಕ್ಕನ ಕಾಲಮ್ಮಿಗೇ ಬೇಕಾಗಿರೋದು. ಶೇರ್ ಸರ್ಟಿಫಿಕೇಟ್, ಎಫ್‌ಡಿ, ಊರಿನ ಪಹಣಿ, ಎಲ್ಲೆಲ್ಲಿ ಅವನ ಹೆಸರು ಹಾಕಿದ್ದೀರೋ ಹುಡುಕಿ ಫೋಟೋ ತೆಗೆದು ಕಳಿಸಿ. ಎಷ್ಟೋ ಮಕ್ಕಳಿಗೆ ತಮ್ಮ ಹೆಸರಲ್ಲಿ ಇಲ್ಲಿ ಏನುಂಟು ಅಂತಾನೇ ಅಪ್ಪಂದಿರು ಹೇಳಿರಲ್ಲ.

ಇನ್ನೊಂದು, ಅವನ ಕೆಲಸದ ವಿಷಯ ಫೋನಲ್ಲಿ ಅಗೆದು ಕೇಳ್ಬೇಡಿ, ಕೇಳಿದ್ದನ್ನ ಲೋಕಲ್ ಟ್ರೈನಿನ ಗ್ರೂಪಲ್ಲಿ ದೊಡ್ಡಸ್ತಿಕೆಗೆ ಹೇಳ್ಕೊಂಡು ತಿರುಗ್ಬೇಡಿ. ‘ಕಂಪ್ಯೂಟರ್ ಕೆಲಸ’ ಅಂದ್ರೆ ಸಾಕು, ನಮ್ಮವ್ರು ಅದಕ್ಕಿಂತ ಜಾಸ್ತಿ ಕೇಳೋದೂ ಇಲ್ಲ, ಸಂಬಳ ಎಷ್ಟು ಅನ್ನೋದೊಂದು ಬಿಟ್ಟು.

ನಿಮ್ಮ ಪತ್ರಿಕೆಯವ್ರಿಗೆ ಒಂದು ಕೋರಿಕೆ. ವೀಸಾ, ಗ್ರೀನ್ ಕಾರ್ಡ್ ಬಗ್ಗೆ ಲೇಖನ ಹಾಕ್ತಾನೇ ಇರ್ತೀರಿ, ಈ ವಿಷಯದಲ್ಲೂ ಅಲ್ಲೇ ವಕೀಲಿ ಮಾಡೋ ಕನ್ನಡದವ್ರು ಯಾರನ್ನಾದ್ರೂ ಹಿಡಿದು ಓದುಗರ ಪ್ರಶ್ನೆಗೆ ಉತ್ತರ ಕೊಡಿಸಿ. ಅದ್ರಲ್ಲಿ ಫ್ಲ್ಯಾಟಿನ ಎರಡನೇ ಹೆಸರು, ಪಾಲಾಗದ ಊರಿನ ಮನೆ, ಅಮ್ಮನಿಗೆ ತಿಂಗಳು ತಿಂಗಳು ಕಳಿಸೋ ದುಡ್ಡು, ಈ ಮೂರನ್ನ ಮೊದ್ಲು ತಗೊಳ್ಲಿ. ಸಂಘದವ್ರು ಸಭಾಂಗಣ ಕೊಡ್ತಾರೆ ಅಂದ್ರೆ ಕುರ್ಚಿ ಹಾಕ್ಲಿಕ್ಕೆ ನಾನು ಬರ್ತೇನೆ.

ಇಂತಿ,
ನಿಮ್ಮ ಹಳೇ ಓದುಗ,
ಡೊಂಬಿವಲಿ ಪೂರ್ವ